ಬೋಳುಗುಡ್ಡದ ಹಿಂದಿನ ಹುಲ್ಲು

"ಇದೇನೇ ಇದು, ಟಗರೋ ಕೊಬ್ಬಿದ ಹೋರಿನೋ? ಏನ್ ತಿನ್ನಿಸ್ತಿದೀಯ ಇದಕ್ಕೆ, ಬೊಗಳು!"

ಧಣಿ ಟಗರಿನ ಬೆನ್ನಿಗೆ ಹೆಬ್ಬೆರಳು ಒತ್ತಿ ಒತ್ತಿ ನೋಡುತ್ತಿದ್ದ. ಕಡುಬೇಸಿಗೆಯಲ್ಲಿ ಕುರಿಯ ಬೆನ್ನು ಮುಟ್ಟಿದರೆ ಮೂಳೆ ಒಂದೊಂದಾಗಿ ಕೈಗೆ ಸಿಗಬೇಕು. ಇದರಲ್ಲಿ ಬೆರಳು ಮೆತ್ತಗೆ ಒಳಗೆ ಹೋಗುತ್ತಿತ್ತು. ಅಂಗಳದ ನಡುವೆ ಹಗ್ಗ ಹಿಡಿದು ನಿಂತಿದ್ದ ಪುಕ್ಕಲಿ ಅದನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಅವಳಿಗೆ ಊರು ಇಟ್ಟ ಹೆಸರೇ ಪುಕ್ಕಲಿ. ಬಾಗಿಲು ಬಡಿದರೆ ಬೆಚ್ಚುವವಳು, ಧಣಿಯ ಜೀಪಿನ ಸದ್ದು ಕೇಳಿದರೆ ಮರದ ಹಿಂದೆ ಹೋಗಿ ನಿಲ್ಲುವವಳು. ಧೈರ್ಯವನ್ನೆಲ್ಲ ಗಂಡನಿಗೆ ಬಿಟ್ಟುಕೊಟ್ಟಿದ್ದಳು. ಅವನಿಗೆ ಊರಿಟ್ಟ ಹೆಸರು ದೊಡ್ಡಬಾಯಿ. ಆ ದೊಡ್ಡಬಾಯಿ ಈಗ ಹತ್ತು ಮಾರು ದೂರದಲ್ಲಿ, ಧಣಿಯ ದನಗಳು ನೀರು ಕುಡಿಯುವ ತೊಟ್ಟಿಯೊಳಗೆ ಇಳಿದು ಮೊಣಕಾಲುದ್ದ ನೀರಲ್ಲಿ ಪಾಚಿ ಉಜ್ಜುತ್ತಿದ್ದ. ವಾರಕ್ಕೆರಡು ದಿನದ ಬಿಟ್ಟಿ ಚಾಕರಿ. ಹೆಂಡತಿಗೆ ಬೈಗುಳ ಬಿದ್ದರೂ ಅವನು ತಲೆ ಎತ್ತಲಿಲ್ಲ.

ಧಣಿಯ ಮನೆಗೆ ನೆಂಟರು ಬರುವವರಿದ್ದರು. ಒಂದು ಟಗರು ತಂದು ಕಟ್ಟಬೇಕೆಂದು ಹೇಳಿಕಳಿಸಿದ್ದ. ಬೆಳಗ್ಗೆ ಅವಳೂ ಮಾವನೂ ಸೇರಿ ಇಡೀ ಮಂದೆಯ ಬೆನ್ನು ತಡವಿ, ಇದ್ದುದರಲ್ಲೇ ನರಪೇತಲವನ್ನು ಆರಿಸಿದ್ದರು. ಆ ನರಪೇತಲವೇ ಈಗ ಧಣಿಗೆ ಹೋರಿಯಂತೆ ಕಂಡಿತ್ತು.

"ಕೇಳಿದ್ದು ಕಿವಿಗೆ ಬೀಳಲಿಲ್ವಾ?"

"ಅದು... ಅದು ಗಬ್ಬ ಆಗಿದೆ ಧಣೀ. ಅದಕ್ಕೇ ಮೈ ತುಂಬ್ಕೊಂಡಿದೆ."

ನಾಲ್ಕು ತಲೆಮಾರು ಕುರಿ ಕಾದ ಮನೆಯ ಹೆಣ್ಣಿನ ಬಾಯಲ್ಲಿ ಬರಬಾರದ ಮಾತು. ಹೆದರಿಕೆ ಆಡಿಸಿತು, ಅವಳು ಆಡಿದಳು. ಪಕ್ಕದಲ್ಲಿದ್ದ ಮೇಸ್ತ್ರಿ, ಧಣಿಯ ಆಳುಗಳನ್ನೆಲ್ಲ ಆಳುವವನು, ಬಗ್ಗಿ ಟಗರಿನ ಹಿಂಗಾಲು ಎತ್ತಿದ.

"ಟಗರು ಬಸುರಾಗಿದ್ದನ್ನ ನಾನು ಇವತ್ತೇ ನೋಡಿದ್ದು ಧಣೀ."

ಅಂಗಳದಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಧಣಿಗೆ ಕಣ್ಣಲ್ಲಿ ನೀರು ಬಂತು. "ಏ ದೊಡ್ಡಬಾಯಿ, ಗಂಡು ಕುರಿನ ಬಸುರು ಮಾಡಿದ್ಯಂತಲ್ಲೋ! ನಿನ್ ಹೆಂಡ್ತಿನೇ ಹೇಳ್ತಿದಾಳೆ. ಅವ್ಳನ್ನ ಬಿಟ್ಟು ಇದರ ಹಿಂದೆ ಯಾಕೋ ಹೋದೆ ಸೂಳೆಮಗನೇ?"

ದೊಡ್ಡಬಾಯಿ ಇನ್ನಷ್ಟು ಬಗ್ಗಿ ಉಜ್ಜಿದ.

ಆ ಗದ್ದಲಕ್ಕೆ ಬೆದರಿದ ಟಗರು ಅಲ್ಲೇ ಬಾಲವೆತ್ತಿ ಹಿಕ್ಕೆ ಹಾಕಿತು. ಬೇಸಿಗೆಯ ಹಿಕ್ಕೆ ಎಂದರೆ ಗಟ್ಟಿ ಕರಿ ಗುಂಡು, ನೆಲಕ್ಕೆ ಬಿದ್ದರೆ ಉರುಳಬೇಕು. ಇದು ಹಸಿರಾಗಿ, ಮುದ್ದೆಯಾಗಿ, ಬಿದ್ದಲ್ಲೇ ಕೂತಿತು. ಎಲ್ಲರೂ ನಗುತ್ತಲೇ ಇದ್ದರು. ಮೇಸ್ತ್ರಿಯ ನಗು ಮಾತ್ರ ನಿಂತಿತು. ಅವನೂ ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವನು. ಮೀಸೆ ಬರುವ ತನಕ ಕೈಯಲ್ಲಿ ಕೋಲಿತ್ತು. ಹಿಕ್ಕೆಯನ್ನು ಎತ್ತಿ, ಮುರಿದು, ಮೂಸಿದ.

ಹೇಳಬೇಡಪ್ಪಾ ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಳು.

"ಧಣೀ, ಇದು ಹಸಿ ಹುಲ್ಲು ಮೇಯ್ದ ಹಿಕ್ಕೆ."

ನಗು ನಿಂತಿತು. ಸುತ್ತಲ ನೆಲವೆಲ್ಲ ಕಾದ ಹಂಚಾಗಿತ್ತು. ಆ ಕಾಲದಲ್ಲಿ ಹಸಿ ಹುಲ್ಲು ಇದ್ದುದು ಒಂದೇ ಕಡೆ, ಪೈಪಿನ ನೀರು ಹರಿಯುವ ಧಣಿಯ ಹಣ್ಣಿನ ತೋಟದಲ್ಲಿ. ಹಾಗೆಂದು ಧಣಿ ತಿಳಿದಿದ್ದ.

"ಓಹೋ. ನನ್ ತೋಟಕ್ಕೆ ನುಗ್ಗಿಸ್ತಿದೀರಾ? ಎಳ್ಕೊಂಡ್ ಬಾರೋ ಅವನ್ನ."

ತೊಟ್ಟಿಯಿಂದ ಎಳೆದು ತಂದ ದೊಡ್ಡಬಾಯಿಯ ಅಂಗೈ ಬಿಡಿಸಿ, ಮೇಸ್ತ್ರಿ ಆ ಹಸಿರು ಮುದ್ದೆಯನ್ನು ಇಟ್ಟ.

"ಓದೋ," ಎಂದ ಧಣಿ.

"ನಂಗೆ ಓದಕ್ಕೆ ಬರಲ್ಲ ಧಣೀ."

"ಅಕ್ಷರ ಬರಲ್ಲ. ಇದು ಬರುತ್ತಲ್ಲ ನಿಮ್ಮ ವಂಶಕ್ಕೆ? ಓದು, ಎಲ್ಲಿ ಮೇಯ್ಸಿದ್ದು?"

ದೊಡ್ಡಬಾಯಿ ಅಂಗೈಯನ್ನು ನೋಡಿದ, ಹೆಂಡತಿಯನ್ನು ನೋಡಿದ. ತುಟಿ ಬಿಚ್ಚಬೇಡ ಎಂದಿತು ಆ ನೋಟ. ಅವಳಿಗೆ ಗೊತ್ತಿತ್ತು, ಚರ್ಮ ಸುಲಿದರೂ ಅವನು ಹೇಳುವುದಿಲ್ಲ. ಅದೇ ಅವಳ ಹೆದರಿಕೆಯಾಗಿತ್ತು.

ಹುಲ್ಲು ಇದ್ದದ್ದು ಬೋಳುಗುಡ್ಡದ ಹಿಂದೆ. ಏಳು ವರ್ಷದ ಹಿಂದೆ ಧಣಿಯೇ "ಸತ್ತ ನೆಲ, ಬೇಕಾದ್ರೆ ಅಲ್ಲಿ ಸಾಯಿರಿ" ಎಂದು ಕೈಬೀಸಿ ತೋರಿಸಿದ ಗುಡ್ಡ. ಆಗ ಮಳೆ ಬಂದರೆ ಕೆಂಪು ಕೆಸರು ಕೊರಕಲಲ್ಲಿ ದಬದಬನೆ ಇಳಿದು ಹೋಗುತ್ತಿತ್ತು. ಅರ್ಧ ದಿನ ಕಳೆದರೆ ಕೈತೊಳೆಯಲು ನೀರಿರುತ್ತಿರಲಿಲ್ಲ. ಮಾವ ಮೊದಲ ವರ್ಷ ಇಳಿಜಾರಿಗೆ ಅಡ್ಡಡ್ಡ ಕಾಲುವೆ ತೋಡಿಸಿದ. ಎರಡನೇ ವರ್ಷ ಕೊರಕಲಿಗೆ ಕಲ್ಲು ಜೋಡಿಸಿ ತಡೆ ಕಟ್ಟಿದರು. ಮೇಲಿನಿಂದ ಕೆಳಗೆ ಒಟ್ಟು ಹನ್ನೊಂದು, ಕೊನೆಯ ಕಟ್ಟೆಯ ಹಿಂದೆ ಒಂದು ಹೊಂಡ. ಕುರಿಗಳನ್ನು ಇಷ್ಟಬಂದಲ್ಲಿ ಬಿಡುವಂತಿಲ್ಲ. ಗೂಟ ನೆಟ್ಟು, ಬಲೆ ಸುತ್ತಿ, ಒಂದು ದಿನಕ್ಕೆ ಒಂದು ತುಂಡು ನೆಲ. ಒತ್ತೊತ್ತಾಗಿ ನಿಂತು ಮೇಯಬೇಕು, ತುಳಿಯಬೇಕು, ಅಲ್ಲೇ ಹಿಕ್ಕೆ ಹಾಕಬೇಕು. ಮರುದಿನ ಬಲೆ ಮುಂದಕ್ಕೆ. ಮೇಯ್ದ ತುಂಡಿನಲ್ಲಿ ಹುಲ್ಲು ಅವಳ ಮೊಣಕಾಲು ಮುಟ್ಟುವ ತನಕ ಅಲ್ಲಿಗೆ ಒಂದು ಮರಿಯನ್ನೂ ಬಿಡುತ್ತಿರಲಿಲ್ಲ. ಬಲೆ ಎತ್ತಿ ಎತ್ತಿ ಅವಳ ಹೆಗಲು ಕಾಯಿಕಟ್ಟಿತ್ತು. ಐದನೇ ಬೇಸಿಗೆಯಲ್ಲಿ ಕೆಳಗಿನ ಹೊಂಡದ ನೀರು ಬತ್ತಲೇ ಇಲ್ಲ. ಅಂದು ಅವಳು ಸಂತೋಷಪಡಲಿಲ್ಲ, ಹೆದರಿದಳು.

ಯಾಕೆಂದರೆ ಮಾವ ಇಂಥದ್ದೊಂದನ್ನು ಹಿಂದೆಯೂ ಮಾಡಿದ್ದ. ಪ್ರಾಯದಲ್ಲಿ ಅವನು ಜೀವ ತುಂಬಿದ ನೆಲದಲ್ಲೇ ಈಗ ಧಣಿಯ ಹಣ್ಣಿನ ತೋಟವಿತ್ತು. ಹಸಿರು ಕಂಡ ವಾರದಲ್ಲೇ ಒಕ್ಕಲೆಬ್ಬಿಸಿದ್ದರು.

ಹಾಗಾಗಿ ಈ ಸಲ ಮುಚ್ಚಿಟ್ಟರು. ಜೀಪು ಓಡಾಡುವ ರಸ್ತೆಯ ಕಡೆ ಗುಡ್ಡದ ಮುಖವನ್ನು ಬೋಳಾಗಿಯೇ ಉಳಿಸಿದರು. ಅಲ್ಲಿ ಹುಲ್ಲು ಚಿಗುರಿದರೆ ಕುರಿ ಬಿಟ್ಟು ನುಣ್ಣಗೆ ಮೇಯಿಸುವುದು, ಅವು ಬಿಟ್ಟದ್ದನ್ನು ಪುಕ್ಕಲಿ ಕುಕ್ಕರುಗಾಲಲ್ಲಿ ಕೂತು ಕೈಯಿಂದ ಕೀಳುವುದು. ಗುಡ್ಡದ ಹಿಂದೆ ಹುಲ್ಲು ಬೆಳೆಸುವ ಕೆಲಸವೂ ಅವಳದೇ, ಮುಂದೆ ಹುಲ್ಲು ಕಿತ್ತು ಹಾಕುವ ಕೆಲಸವೂ ಅವಳದೇ. ಎಲ್ಲ ಮುಚ್ಚಿಡಬಹುದು, ತಿಂದುಂಡ ಕುರಿಯ ಮೈಯನ್ನು ಎಲ್ಲಿ ಮುಚ್ಚಿಡುವುದು? ಧಣಿ ಟಗರು ಕೇಳುವ ತನಕ ಅದೊಂದನ್ನು ಅವರು ಯೋಚಿಸಿರಲಿಲ್ಲ.

"ಬಾಯಿ ಬರಲ್ವಂತೆ ಇವನಿಗೆ," ಎಂದ ಧಣಿ. "ಸ್ವಲ್ಪ ನೀರು ಕುಡಿಸ್ರೋ."

ಮೇಸ್ತ್ರಿಯೂ ಇನ್ನೊಬ್ಬನೂ ದೊಡ್ಡಬಾಯಿಯ ಕತ್ತು ಹಿಡಿದು ತೊಟ್ಟಿಗೆ ಅದುಮಿದರು. ಎತ್ತಿದಾಗ ಮೂಗಿನಿಂದ ಪಾಚಿ ನೀರು ಸುರಿಯಿತು.

"ಎಲ್ಲಿ ಮೇಯ್ಸಿದ್ದು?"

"ರಸ್ತೆ ಪಕ್ಕ ಧಣೀ... ನಮ್ಮಪ್ಪನಾಣೆ..."

ಮತ್ತೆ ಅದುಮಿದರು. ಎತ್ತಿದರು. ಈ ಸಲ ಮಾತಿಲ್ಲ, ಬರೀ ಕೆಮ್ಮು. ಮೂರನೇ ಸಲ ಅದುಮಿದವರು ಎತ್ತಲಿಲ್ಲ. ಅವನ ಕಾಲು ನೆಲವನ್ನು ಒದೆಯಿತು, ಕೆರೆಯಿತು, ಆಮೇಲೆ ಒದೆಯುವುದು ಕಡಿಮೆಯಾಯಿತು. ಪುಕ್ಕಲಿಗೆ ಗುಡ್ಡವೂ ನೆನಪಾಗಲಿಲ್ಲ, ಹೊಂಡವೂ ನೆನಪಾಗಲಿಲ್ಲ. ಆ ಕಾಲುಗಳಷ್ಟೇ ಕಂಡವು.

"ಗುಡ್ಡದಲ್ಲೇ ಇದೆ!" ಎಂದು ಕಿರುಚಿದಳು. "ಹುಲ್ಲು ಗುಡ್ಡದ ಹಿಂದೆನೇ ಇದೆ! ನಾವು ಕದ್ದಿಲ್ಲ! ಬಿಡಿ ಅವನ್ನ, ನಿಮ್ ಕಾಲಿಗೆ ಬೀಳ್ತೀನಿ, ಬಿಡಿ!"

ಬಿಟ್ಟರು. ದೊಡ್ಡಬಾಯಿ ನೆಲದ ಮೇಲೆ ಬಿದ್ದು ನೀರು ಕಾರಿದ. ಉಸಿರು ಬಂದ ಮೇಲೆ ಹೆಂಡತಿಯ ಮುಖ ನೋಡಲಿಲ್ಲ.

ಜೀಪು ಗುಡ್ಡ ಹತ್ತಿದಾಗ ಮಾವ ಗೂಟ ಬಡಿಯುತ್ತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಸದ್ದಿನಿಂದಲೇ ಯಾರೆಂದು ತಿಳಿದು ಕೊಡತಿ ಕೆಳಗಿಟ್ಟ. ಸೊಸೆ ಜೀಪಿನ ಹಿಂದೆಯೇ ಓಡಿ ಬಂದು ಪಕ್ಕದಲ್ಲಿ ನಿಂತಳು. ಮೈಯೆಲ್ಲ ಬೆವೆತಿತ್ತು.

"ಯಾರು ಹೇಳಿದ್ದು?"

"ನಾನೇ ಮಾವ."

ಮುದುಕ ಕೈಚಾಚಿ ಅವಳ ತೋಳು ಹುಡುಕಿ ಹಿಡಿದ. "ಅವನು ಉಸಿರಾಡ್ತಿದಾನಾ?"

"ಹ್ಞೂಂ. ಜೀಪಲ್ಲಿದಾನೆ."

"ಹಂಗಾದ್ರೆ ಸರಿ ಬಿಡು ತಾಯಿ."

ಧಣಿ ಗುಡ್ಡದ ನೆತ್ತಿಯಲ್ಲಿ ನಿಂತು ಆಚೆ ನೋಡಿದ. ಕೆಳಗೆ ಮೊಣಕಾಲೆತ್ತರದ ಹುಲ್ಲು ಗಾಳಿಗೆ ಬಾಗುತ್ತಿತ್ತು. ಕಾಲುವೆಗಳ ಬದುವಿನ ಮೇಲೆ ಎಳೆಮರಗಳು. ತಳದಲ್ಲಿ ಹೊಂಡ, ತುಂಬು ನೀರು. ಅವನ ಬಾಯಿ ಅರೆಗಳಿಗೆ ತೆರೆದೇ ಇತ್ತು. ಆಮೇಲೆ ಚಪ್ಪಲಿಯಲ್ಲೇ ಹುಲ್ಲು ತುಳಿದುಕೊಂಡು ಇಳಿದು, ಬೊಗಸೆಯಲ್ಲಿ ನೀರು ತುಂಬಿ, ಬಾಯಿ ಮುಕ್ಕಳಿಸಿ ಹೊಂಡಕ್ಕೇ ಉಗುಳಿದ.

"ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ನನ್ ನೆಲ, ನನ್ ನೀರು, ನಂಗೇ ಗೊತ್ತಿಲ್ಲ! ಇರ್ಲಿ. ಕೈಗುಣ ಚೆನ್ನಾಗಿದೆ ನಿಮ್ದು. ಕಲ್ಲುಗಣಿ ಹಿಂದೆ ನಂದೊಂದು ನೆಲ ಸತ್ತು ಬಿದ್ದಿದೆ. ನಾಳೆ ಅಲ್ಲಿಗೆ ಹೊರಡಿ, ಅದನ್ನೂ ಹಿಂಗೇ ಮಾಡಿ. ಏ ಮೇಸ್ತ್ರಿ, ಬೆಳಗ್ಗೆ ಎಂಬತ್ತೂ ದನ ಇಲ್ಲಿಗೆ ಹೊಡ್ಕೊಂಡ್ ಬಾ."

ಮುದುಕ ಕೈಜೋಡಿಸಿದ. "ಎಲ್ಲ ಒಟ್ಟಿಗೆ ಬೇಡ ಧಣೀ. ಹತ್ತೇ ದಿನ, ಬೇರು ಸಮೇತ ಕಿತ್ತು ತಿಂದ್ಬಿಡ್ತವೆ. ಮಳೆ ಬಂದ್ರೆ ಮಣ್ಣೆಲ್ಲ ಮತ್ತೆ ಹೊಳೆ ಪಾಲು. ದಿನಕ್ಕೊಂದು ತುಂಡು ಅಂತ ಬಲೆ ಹಾಕಿ..."

"ನಂಗೆ ಪಾಠ ಹೇಳ್ತೀಯೇನೋ ಕುರುಡು ಮುಂಡೇದೇ?"

ಧಣಿ ತಳ್ಳಿದ ರಭಸಕ್ಕೆ ಮುದುಕ ಬಲೆಯ ಮೇಲೆ ಬಿದ್ದ. ಬಲೆ ಕಾಲಿಗೆ ಸುತ್ತಿಕೊಂಡು ಏಳಲಾಗದೆ ಒದ್ದಾಡಿದಾಗ, ಮೇಸ್ತ್ರಿಯೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ನಕ್ಕರು.

ಮರುದಿನ ಬಿಸಿಲೇರುವ ಮೊದಲೇ ನೆತ್ತಿಯ ಮೇಲೆ ದನಗಳು ಕಾಣಿಸಿಕೊಂಡವು. ಒಣಹುಲ್ಲು ತಿಂದು ಬೇಸತ್ತವು, ಹಸಿರಿನ ವಾಸನೆಗೆ ಅರಚುತ್ತ ಒಂದರ ಮೇಲೊಂದು ಬಿದ್ದು ಬಲೆಯನ್ನು ನೂಕುತ್ತಿದ್ದವು. ಹಿಂದೆ ಜೀಪು. ಗುಡಿಸಲ ಮುಂದೆ ಪಾತ್ರೆ, ಚಾಪೆ, ಗಂಟು ಎಲ್ಲ ಕಟ್ಟಿ ಇಟ್ಟಾಗಿತ್ತು. ದೊಡ್ಡಬಾಯಿ ಗಂಟಿನ ಪಕ್ಕ ಕೂತು ಕೆಮ್ಮುತ್ತಿದ್ದ.

ಪುಕ್ಕಲಿ ಎಲ್ಲಿ ಎಂದು ಯಾರೂ ನೋಡಿರಲಿಲ್ಲ. ಅವಳು ಹಾರೆ ಹಿಡಿದು ಹೊಂಡದ ಕಲ್ಲುಕಟ್ಟೆಯ ಹೊರಗೆ, ತಗ್ಗಿನಲ್ಲಿ ನಿಂತಿದ್ದಳು. ಹಾರೆಯ ಮೊನೆ ಕಲ್ಲಿನ ಸಂದಿಗೆ ಸೇರದೆ ಎರಡು ಸಲ ಜಾರಿತು. ಮೂರನೇ ಸಲ ಮೀಟಿದಾಗ ಒಂದು ಕಲ್ಲು ಕಳಚಿ ಅವಳ ಕಾಲ ಬಳಿ ಬಿತ್ತು. ಒಳಗಿನ ಜೇಡಿಮಣ್ಣು ಕುಸಿದು ತೋಳು ದಪ್ಪದ ನೀರು ಹೊರಗೆ ಹಾರಿತು.

"ಧಣೀ!" ಕೂಗಿದ್ದು ಕೀಚಲಾಗಿ ಬಂತು. "ಒಂದೇ ಒಂದು ದನ ಬಲೆ ದಾಟ್ಲಿ, ಇನ್ನೊಂದು ಕಲ್ಲು ಕೀಳ್ತೀನಿ!"

ಜೀಪಿನ ಮೇಲೆ ನಿಂತ ಧಣಿ ಬಗ್ಗಿ ನೋಡಿ ನಕ್ಕ. "ಅಯ್ಯೋ, ಪುಕ್ಲಿ ಕಣ್ರೋ! ಟಗರಿಗೆ ಬಾಣಂತನ ಮಾಡೋಳು! ಹೊಡೀರೋ ದನ."

ಒಂದು ಕೆಂದು ಹಸು ಬಲೆಯನ್ನು ತುಳಿದು ಈಚೆ ಬಂತು. ಪುಕ್ಕಲಿ ಎರಡನೇ ಕಲ್ಲು ಮೀಟಿದಳು. ನೀರಿನ ಸದ್ದು ಈಗ ನೆತ್ತಿಯ ತನಕ ಕೇಳಿಸಿತು. ಏಳು ವರ್ಷ ಒಂದು ಹನಿಯೂ ಓಡಿಹೋಗದಂತೆ ಕಾದವಳು ಓಡುವ ನೀರಿನಲ್ಲಿ ನಿಂತಿದ್ದಳು. ಹೆದರಿಕೆಗೆ ನಿಂತಲ್ಲೇ ಉಚ್ಚೆ ಹೋಯಿತು. ಬಿಸಿಯಾಗಿ ತೊಡೆಯಿಂದಿಳಿದು ಆ ನೀರಿಗೆ ಸೇರಿತು. ನಾಚಿಕೆಪಡಲೂ ಪುರುಸೊತ್ತಿರಲಿಲ್ಲ.

"ನಾವು ಕಟ್ಟಿದ್ದು ಧಣೀ ಇದು! ನಮ್ ಕೈಗೆ ಬಿಚ್ಚಕ್ಕೂ ಬರುತ್ತೆ! ನೀರು ಹೋದ್ರೆ ಹುಲ್ಲೂ ಹೋಗುತ್ತೆ. ಆಮೇಲೆ ನಿನ್ ದನಕ್ಕೆ ಕಲ್ಲು ತಿನ್ಸು!"

ಧಣಿಗೆ 'ನಿನ್' ಎಂದದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಅವನ ನಗು ಹೋಗಿತ್ತು.

"ಮೇಸ್ತ್ರಿ! ಹಿಡಿಯೋ ಆ ಮುಂಡೇನ! ಕೈ ಕಡಿ!"

ಮೇಸ್ತ್ರಿ ಇಳಿಯಲಿಲ್ಲ. ಹೊಂಡದ ಅಂಚಿನಲ್ಲಿ ಒದ್ದೆ ಗೆರೆ ಕೆಳಗಿಳಿಯುವುದನ್ನು ನೋಡುತ್ತ, ಕೋಲನ್ನು ಅಡ್ಡ ಹಿಡಿದು ದನಗಳ ಮೂತಿ ತಡೆದು ನಿಂತ. ಧಣಿಗಾಗಿ ತಡೆದನೋ ಹುಲ್ಲಿಗಾಗಿ ತಡೆದನೋ, ಅವನೇ ಬಲ್ಲ. ಜೀಪಿನಿಂದ ಇನ್ನಿಬ್ಬರು ದೊಣ್ಣೆ ಹಿಡಿದು ಧುಮುಕಿದರು.

ಪುಕ್ಕಲಿ ಮೂರನೇ ಕಲ್ಲಿಗೆ ಹಾರೆ ಹಾಕಿದಳು. ಅದು ಅಲ್ಲಾಡಲಿಲ್ಲ. ಮೈಭಾರವನ್ನೆಲ್ಲ ಹೇರಿದರೂ ಅಲ್ಲಾಡಲಿಲ್ಲ. ದೊಣ್ಣೆಯವರು ಅರ್ಧ ಇಳಿಜಾರು ದಾಟಿದ್ದರು. ಅಷ್ಟರಲ್ಲಿ ಹಿಂದಿನಿಂದ ನೀರು ತುಳಿದುಕೊಂಡು ಯಾರೋ ಬರುವ ಸದ್ದಾಯಿತು. ತಿರುಗಿದರೆ ಮಾವ. ಕಟ್ಟೆಯ ಒಂದೊಂದು ಕಲ್ಲನ್ನೂ ತನ್ನ ಕೈಯಾರೆ ಕೂರಿಸಿದ್ದವನು, ಎರಡೂ ಅಂಗೈಗಳಿಂದ ಅದನ್ನು ತಡಕುತ್ತ ಬಂದ. ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು.

"ಅದಲ್ಲ ತಾಯಿ," ಎಂದ. "ಎಡಗಡೆ, ಕೆಳಗಿಂದು. ಅದು ಬಂದ್ರೆ ಕಟ್ಟೆ ಎಲ್ಲ ಬರುತ್ತೆ."

ಅವಳು ಎಡಗಡೆಯ ಕೆಳಗಿನ ಕಲ್ಲಿಗೆ ಹಾರೆ ಸೇರಿಸಿದಳು. ಮುದುಕ ಅವಳ ಕೈಯ ಮೇಲೆ ತನ್ನ ಕೈ ಇಟ್ಟು ಹಿಡಿದ. ಇನ್ನೂ ಮೀಟದೆ, ಇಬ್ಬರೂ ಧಣಿ ನಿಂತ ಕಡೆಗೆ ಮುಖ ಎತ್ತಿದರು.