ಹೊಗೆಯಿಲ್ಲದ ಒಲೆ

ಆ ವರ್ಷ ಭಾಲ್ಕಿಯ ನಲ್ಲಿಗಳು ಒಣಗಿ, ನೀರೆಂದರೆ ಟ್ಯಾಂಕರ್ ಎಂಬಂತಾಗಿತ್ತು. ಮಹಾನಂದಾಳ ಗಂಡ ಹಾವಗೆಪ್ಪ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿನ ಕೆಲಸ ಹಿಡಿದು ಅಲ್ಲೇ ಉಳಿದಿದ್ದ. ಮನೆಯಲ್ಲಿ ಅವಳು, ಹಾಲು ಕುಡಿಯುವ ಮಗಳು ಮತ್ತು ಅತ್ತೆ ಈರಮ್ಮ.

ಟ್ಯಾಂಕರಿಗೆ ಹೋಗುವಾಗ ಈರಮ್ಮ ಸೊಸೆ, ಮೊಮ್ಮಗಳನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದಳು. ಓಣಿಯ ಅರ್ಧ ಜನ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿದ್ದರು.

"ಗಂಡಸಿಲ್ಲದ ಮನಿ. ಕೀಲಿ ಇದ್ರ ನನ್ನ ಜೀವಕ್ಕ ಸಮಾಧಾನ."

ಮೊದಮೊದಲು ಮಹಾನಂದಾಗೆ ಅದು ಕಾಳಜಿಯಂತೆಯೇ ಕೇಳಿಸಿತ್ತು.

ಹಾವಗೆಪ್ಪ ಗ್ಯಾಸ್ ತಂದುಕೊಟ್ಟಾಗ ಕಟ್ಟೆಯ ಮೇಲಿಡಲು ಈರಮ್ಮ ಒಪ್ಪಲಿಲ್ಲ. ತಾನು ಮದುವೆಯಾಗಿ ಬಂದ ದಿನ ವಿಭೂತಿ ಹಚ್ಚಿ ಕೈಮುಗಿದ ಮಣ್ಣಿನ ಒಲೆ ಅಡುಗೆಮನೆಯಲ್ಲಿತ್ತು. ಮನೆಯ ಬೆಂಕಿ ಅಲ್ಲೇ ಉರಿಯಬೇಕು. ಒಲೆಗುಂಡುಗಳನ್ನು ಕಿತ್ತು ಸ್ಟೌವನ್ನು ಅದರ ಹೊಟ್ಟೆಯೊಳಗೆ ಕೂರಿಸಿದಳು. ಮೂರು ಕಡೆ ಮಣ್ಣು. ಕಿಟಕಿಯಿಲ್ಲದ ಆ ಅಡುಗೆಮನೆಗೆ ಹೊಗೆ ಹೋಗಲೆಂದು ಮಾಳಿಗೆಯಲ್ಲೊಂದು ಬೆಳಕಿಂಡಿಯಿತ್ತು. ನೀರು ಹುಡುಕುತ್ತ ಮಂಗಗಳು ಅದರಲ್ಲಿ ಇಳಿಯತೊಡಗಿದ ಮೇಲೆ ತಗಡು ಮುಚ್ಚಿಸಿ ಕಲ್ಲು ಹೇರಿಸಿದಳು.

"ಅತ್ತಿ, ಕಿಂಡಿ ತೆಗಿಸ್ರಿ. ತಲಿ ಒಡದಂಗ ಆಗ್ತದರಿ."

"ಹೊಗಿನೇ ಇಲ್ಲದ ಒಲಿಗಿ ಕಿಂಡಿ ಯಾಕ? ಕಟಗಿ ಊದಿ ಊದಿ ಕಣ್ಣು ಕಳಕೊಂಡಾಕಿ ನಾನು. ನನಗಿಲ್ಲದ ತಲಿನೋವು ಮಹಾರಾಣಿಗಿ ಬಂತು ನೋಡು!"

ಉರಿ ಹಳದಿಯಾಗಿದೆ, ಬೋಗಾಣಿಯ ತಳ ಕಪ್ಪಾಗುತ್ತಿದೆ ಎಂದು ಮಹಾನಂದಾ ಹೇಳಿದಾಗ ಗೋಡೆಯಾಚೆಯ ಮನೆಯ ಬಿಸ್ಮಿಲ್ಲಾಬೀ ಗಾಬರಿಯಾದಳು. "ಹುಷಾರ್, ಬೇಟಿ. ಗ್ಯಾಸಿಗೂ ಗಾಳಿ ಬೇಕು. ಅದರ ವಿಷ ಕಣ್ಣಿಗಿ ಕಾಣಂಗಿಲ್ಲ, ಮೂಗಿಗಿ ಬರಂಗಿಲ್ಲ. ಹಂಗೇ ಮಲಗಿಸಿಬಿಡ್ತದ."

ಒಂದು ಬೆಳಿಗ್ಗೆ ಬೀಗ ಬಿದ್ದಿತ್ತು, ಬೇಳೆ ಕುದಿಯುತ್ತಿತ್ತು. ಕಣ್ಣೆದುರೇ ಇರಲೆಂದು ಅಡುಗೆಮನೆಯಲ್ಲೇ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಕೈಕಾಲು ಆಡಿಸುತ್ತಿರಲಿಲ್ಲ. ಎತ್ತಿಕೊಂಡರೆ ಕುತ್ತಿಗೆ ವಾಲಿತು. ಮಹಾನಂದಾಳಿಗೂ ತಲೆ ಸುತ್ತುತ್ತಿತ್ತು. ಗ್ಯಾಸ್ ಆರಿಸಿ, ಗೋಡೆ ಹಿಡಿಯುತ್ತ ತಲೆಬಾಗಿಲಿಗೆ ಬಂದು, ಬಾಗಿಲಡಿಯ ಸಂದಿಗೆ ಮಗುವಿನ ಮುಖವಿಟ್ಟು ಕೂಗಿದಳು. ಬಿಸ್ಮಿಲ್ಲಾಬೀಯೂ ಟ್ಯಾಂಕರಿಗೆ ಹೋಗಿದ್ದಳು. ಯಾರೂ ಬರಲಿಲ್ಲ.

ಒನಕೆ ಹಿಡಿದು ಒಳಗೋಡಿದಳು. ತಗಡಿಗೆ ಕೆಳಗಿನಿಂದ ಗುದ್ದಿದಳು, ಮತ್ತೆ ಗುದ್ದಿದಳು. ಕಲ್ಲು ಮಾಳಿಗೆಯ ಮೇಲೆ ಉರುಳಿತು. ಬೇಳೆಯೊಳಗೆ ಮಣ್ಣು ಸುರಿಯಿತು, ಬಿಸಿಲು ಬಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಮಗು ಚೀರಿತು. ಅವಳು ಅದನ್ನು ಸುಮ್ಮನಾಗಿಸಲಿಲ್ಲ. ಅಳಲಿ ಎಂದು ಎದೆಗವಚಿಕೊಂಡು ಕೂತಳು.

ಬಾಗಿಲು ತೆರೆದ ಈರಮ್ಮ ಕೊಡ ಇಳಿಸುವುದನ್ನೂ ಮರೆತು ಎಲ್ಲ ಕೇಳಿಸಿಕೊಂಡಳು. ಮಗುವಿನ ಅಂಗಾಲು ಮುಟ್ಟಿ ನೋಡಿದಳು. ಸ್ಟೌವನ್ನು ಒಲೆಯಿಂದ ಎಳೆದು, ತೆರೆದ ಕಿಂಡಿಯ ಕೆಳಗಿನ ಕಟ್ಟೆಯ ಮೇಲಿಟ್ಟಳು. ಬೀಗವೂ ಇನ್ನು ಹೋಯಿತೆಂದೇ ಮಹಾನಂದಾ ಅಂದುಕೊಂಡಳು.

ಮರುದಿನ ಟ್ಯಾಂಕರಿನ ಹಾರ್ನ್ ಕೇಳಿದಾಗ ಈರಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡಳು.

"ಕೂಸಿಗಿ ಗಾಳಿ ಬೇಕು. ನನ್ನ ಜೋಡಿ ಬರ್ತದ."

"ಅತ್ತಿ, ನಾನೂ ಬರ್ತೇನ್ರಿ. ಕೊಡ ನಾ ಹೊರ್ತೇನಿ."

"ನೀ ಯಾಕ? ನಿನಗ ಕಿಂಡಿ ತೆಗದದಲ್ಲ."

ಹೊರಗೆ ಕೀಲಿ ತಿರುಗಿತು. ಮಗುವಿನ ನಗು ಓಣಿಯುದ್ದಕ್ಕೂ ದೂರವಾಯಿತು.