ಕತ್ತಲಲ್ಲಿ ಅರಳದ ಪಾಪೆ

ನಾನು ಕಣ್ಣುಪಾಪೆ ಅಳೆಯುವ ಯಂತ್ರ. ಅಂಗೈಯಗಲ ಇದ್ದೇನೆ, ಆದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಕೂಡ ನನ್ನಿಂದ ತಪ್ಪಿಸಿಕೊಳ್ಳುವುದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಇದ್ದದ್ದು ಹೇಳಲು ನನಗೇನೂ ಸಂಕೋಚವಿಲ್ಲ.

ಹುಟ್ಟಿದ್ದು ಪೀಣ್ಯದ ಒಂದು ಪುಟ್ಟ ಕಾರ್ಖಾನೆಯಲ್ಲಿ. ಅಲ್ಲಿಂದ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ, ಮೆದುಳಿನ ಡಾಕ್ಟರ್ ತಬಸ್ಸುಮ್ ನದಾಫರ ಕೈಗೆ ಬಂದೆ. ಉಳಿದ ಡಾಕ್ಟರುಗಳಿಗೆ ನಾನು ಲೆಕ್ಕಕ್ಕೇ ಇರಲಿಲ್ಲ. "ಕಿಸೆದಾಗ ಟಾರ್ಚ್ ಐತಲ್ರೀ, ಇದ್ಯಾಕ ಬೇಕು?" ಅನ್ನುತ್ತಿದ್ದರು. ನದಾಫರು ಮಾತ್ರ ನನ್ನನ್ನು ಕೋಟಿನ ಜೇಬಿನಿಂದ ಇಳಿಸುತ್ತಿರಲಿಲ್ಲ.

ಹೀಗಿರುವಾಗ ಫಕೀರೇಶ ಬಂದ. ಮೂವತ್ತೆರಡರ ಬಸ್ ಡ್ರೈವರ್. ಬಲಗೈ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಲಕ್ವ ಹೊಡೆದದ್ದು ಸ್ಕ್ಯಾನಿನಲ್ಲಿ ಕಂಡಿತ್ತು, ಯಾಕೆ ಹೊಡೆಯಿತೆಂದು ಕಂಡಿರಲಿಲ್ಲ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಹೃದಯ ಗಟ್ಟಿ. ಕಾರಣ ಸಿಗದಿದ್ದರೆ ಇನ್ನೊಂದು ಹೊಡೆತ ಬಿದ್ದು ಜೀವಕ್ಕೇ ಕುತ್ತು ಬರಬಹುದಿತ್ತು. ನೆಂಟರಂತೂ ಅವನ ಎಡಗಣ್ಣಿನ ರೆಪ್ಪೆ ಜೋತದ್ದು ನೋಡಿ, ಕುಡಿತದ್ದೇ ಕೆಲಸ ಎಂದು ತೀರ್ಪು ಕೊಟ್ಟಿದ್ದರು.

ಹೆಂಡತಿ ನೀಲವ್ವ ಉರಿದುಬಿದ್ದಳು. "ನಮ್ಮನಿಯವ್ರು ಒಂದ್ ಹನಿ ಮುಟ್ಟಿದವ್ರಲ್ರೀ ಮೇಡಂ. ನೀವರೆ ಖರೇ ಕಾರಣ ಹುಡುಕ್ರಿ."

ನದಾಫರು ಮಧ್ಯಾಹ್ನದ ಬೆಳಕಿನಲ್ಲಿ ಅಳೆದರು. ಎಡಪಾಪೆ ಒಂದು ಕೂದಲೆಳೆಯಷ್ಟು ಚಿಕ್ಕದು. ಅಷ್ಟು ವ್ಯತ್ಯಾಸ ಎಷ್ಟೋ ಜನರಿಗೆ ಇರುತ್ತದೆ. ಆಮೇಲೆ ಪರದೆ ಎಳೆಸಿ ದೀಪ ಆರಿಸಿದರು. ಇದು ನನ್ನ ಅಖಾಡ! ಕತ್ತಲಾದರೆ ಪಾಪೆ ಅರಳಬೇಕು. ಬಲಗಣ್ಣಿನದು ಆರು ಮಿಲಿಮೀಟರಿಗೆ ಅರಳಿತು. ಎಡದ್ದು ನಾಲ್ಕರ ಹತ್ತಿರ ತಡವರಿಸಿ ನಿಂತಿತು. ಎರಡೂ ಅಂಕಿ ತೋರಿಸಿದೆ.

ನದಾಫರು ನೀಲವ್ವನನ್ನು ಹೊರಗೆ ಕರೆದರು. "ಪಾಪೆ ಅರಳಿಸೋ, ರೆಪ್ಪಿ ಎತ್ತೋ ನರ ಕುತ್ತಿಗಿ ರಕ್ತನಾಳದ ಗುಂಟ ಹೋಗ್ತೈತಿ. ಆ ನಾಳ ಒಳಗ ಸೀಳಿರಬೇಕು. ಕುತ್ತಿಗಿ ಸ್ಕ್ಯಾನ್ ಮಾಡೋಣು. ನೋವು ಇತ್ತೇನು?"

"ಹೌದ್ರೀ, ವಾರಾತು, ಕ್ಷೌರ ಮಾಡಿಸ್ಕೊಂಡು ಬಂದಾಗಿಂದ. ಅದಕ್ಕ ಕ್ಷೌರದಂಗಡಿ ಮಾರುತಿ ಅಣ್ಣಗ ಇಲ್ಲಿಗೇ ಬಾ ಅಂದೀನಿ. ದಾಡಿ ಮಾಡಿ, ಕುತ್ತಿಗಿ ಲಟಿಗಿ ಮುರದ್ರ ಹಗುರ ಆಕ್ಕೈತಿ. ಈಗ ಒಳಗ ಹೋದ ನೋಡ್ರಿ."

ನದಾಫರು ಓಡಿದರು. ಜೇಬಿನಲ್ಲಿ ನಾನೂ ಓಡಿದೆ. ಫಕೀರೇಶ ನೋವಿನ ಜಾಗ ತೋರಿಸಿದ್ದ. ಮಾರುತಿ ದಾಡಿಯ ಸಾಮಾನು ಬದಿಗಿಟ್ಟು, ಒಂದು ಕೈ ಗದ್ದಕ್ಕೆ, ಇನ್ನೊಂದು ತಲೆಯ ಹಿಂದಕ್ಕೆ ಕೊಟ್ಟು ನಿಂತಿದ್ದ.

"ಅಣ್ಣಾ, ಕೈ ತಗೀರಿ!"

ಸ್ಕ್ಯಾನೂ ನನ್ನ ಮಾತನ್ನೇ ಹೇಳಿತು. ವಾರದ ಹಿಂದೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ಮುರಿದಾಗ ಎಡನಾಳ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಶುರುವಾಯಿತು. ಮೂರು ತಿಂಗಳಾದ ಮೇಲೆ ಫಕೀರೇಶ ಬಲಗೈಯಿಂದಲೇ ಬಾಗಿಲು ತೆಗೆದು ಬಂದ. ಹಿಂದೆ ಮಾರುತಿ.

"ಎಲ್ಲಾರೂ ಕುತ್ತಿಗಿ ಮುರಿ ಅಂತಿದ್ರು, ಮುರೀತಿದ್ದೆ ಮೇಡಂ. ಇನ್ನ ಮುರಿಯಂಗಿಲ್ಲ ಅಂತ ಅಂಗಡಿ ಮುಂದ ಬೋರ್ಡ್ ಹಾಕೇನಿ. ನಮ್ಮಪ್ಪ ಕಲಿಸುವಾಗ ನನ್ನ ಕುತ್ತಿಗಿನೂ ಭಾಳ ಸಲ ಮುರದಾನ. ನನ್ನ ಕಣ್ಣೂ ಒಮ್ಮೆ ಅಳೀರಿ."

"ಎಲ್ಲಾರಿಗೂ ಹಿಂಗ ಆಗಂಗಿಲ್ಲಣ್ಣ. ಯಾರಿಗೆ ಆಗ್ತೈತಿ ಅಂತ ಮೊದಲ ಗೊತ್ತಾಗಂಗಿಲ್ಲ, ಅಷ್ಟ," ಎಂದು ನದಾಫರು ದೀಪ ಆರಿಸಿದರು.

ಈಗ ನನಗೆ ವಯಸ್ಸಾಗಿದೆ. ಪಾಠದ ಕೋಣೆಯ ಗಾಜಿನ ಬೀರುವಿನಲ್ಲಿದ್ದೇನೆ. ನದಾಫರ ಜೇಬಿಗೆ ಹೊಸಬ ಬಂದಿದ್ದಾನೆ. ಸಾವಿರಾರು ಕಣ್ಣು ನೋಡಿದ್ದೇನೆ, ಎಲ್ಲದಕ್ಕೂ ಒಂದೇ ಏಟಿಗೆ ಅಂಕಿ ಕೊಟ್ಟಿದ್ದೇನೆ. ಮಾರುತಿಯ ಪಾಪೆಗಳು ಸರಿಸಮವಾಗಿದ್ದವು. ಆದರೆ ಅವನನ್ನು ಮಾತ್ರ ಮೂರು ಸಲ ಅಳೆಯಬೇಕಾಯಿತು. ಕಣ್ಣೀರು ಅಡ್ಡ ಬರುತ್ತಿತ್ತು.