ದೇವರ ಜಗಲಿಯ ಮೇಲಿನ ಗುಳಿಗೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ವಾರಪತ್ರಿಕೆಯ ಧಾರಾವಾಹಿಯಲ್ಲಿ ಪಳಗಿದ ಕೈಗೆ ಈ ಪ್ರಶ್ನೆ ಏಳಬಾರದು. ಬಾಗಿಲು ಬಡಿದ ಸದ್ದಿನಿಂದ ಆರಂಭಿಸು, ಬಾಗಿಲು ತೆರೆಯುವ ಮುನ್ನ ನಿಲ್ಲಿಸು. ಕಸುಬಿನ ಗುಟ್ಟು ಅಷ್ಟೇ. ಆದರೆ ಇಲ್ಲೊಂದು ತೊಡಕಿದೆ, ಓದುಗರೇ. ಈ ಕಥೆಯಲ್ಲಿ ನಡೆಯಬೇಕಾದದ್ದು ಯಾರಿಗೂ ಸುಳಿವು ಸಿಗುವ ಮೊದಲೇ ನಡೆದುಹೋಗುತ್ತದೆ. ಎಷ್ಟು ಹಿಂದಕ್ಕೆ ಸರಿದು ಮೊದಲ ವಾಕ್ಯ ಬರೆದರೂ ತಡವಾಗಿಯೇ ಇರುತ್ತದೆ.

ಆದರೂ ಪ್ರಯತ್ನಿಸುತ್ತೇನೆ.

೨ (ಕೈಬಿಟ್ಟ ಕರಡು)

ಹೈದರಾಬಾದು, ೧೯೯೨ರ ಒಂದು ಮುಂಜಾವು. ಸಂಶೋಧನಾಲಯದ ಇಲಿಮನೆಯಲ್ಲಿ ಲಿಂಗಸುಗೂರಿನ ಕಲ್ಯಾಣಮ್ಮ ಒಂದೊಂದೇ ಪಂಜರ ತೆರೆದು, ಬಿಳಿ ಹೆಣ್ಣಿಲಿಗಳನ್ನು ಬಾಲದ ಬುಡ ಹಿಡಿದೆತ್ತಿ, ಗಂಡಿನೊಡನೆ ಕೂಡಿದ ಗುರುತು ಇದೆಯೇ ಎಂದು ನೋಡುತ್ತಾಳೆ. ಗುರುತು ಕಂಡರೆ ಪಂಜರದ ಚೀಟಿಯ ಮೇಲೆ ತಾರೀಖು ಬೀಳುತ್ತದೆ. ಆ ಮಧ್ಯಾಹ್ನಕ್ಕೆ ಭ್ರೂಣದ ವಯಸ್ಸು ಅರ್ಧ ದಿನ. ಅಲ್ಲಿಂದ ಮುಂದೆ ಅವಳು ಕಾಯುವುದು ಗಂಟೆಗಳ ಎಣಿಕೆಯಲ್ಲಿ. ಒಂಬತ್ತನೆಯ ದಿನ ಮೈಕ್ರೋಸ್ಕೋಪಿನ ಕೆಳಗೆ ಎಳ್ಳಿನಷ್ಟು ಜೀವ. ಅದರ ಬೆನ್ನುದ್ದಕ್ಕೂ ಎರಡು ಅಂಚುಗಳು ಎದ್ದು, ಒಂದರತ್ತ ಒಂದು ಬಾಗಿ, ಕರಿಗಡಬಿನ ಅಂಚು ಒತ್ತಿದ ಹಾಗೆ ಕೂಡಿಕೊಳ್ಳುತ್ತವೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗುವುದು ಆ ಕೊಳವೆಯೇ. ಅವಳ ತಳಿಯ ಕೆಲವು ಮರಿಗಳಲ್ಲಿ ಅಂಚು ಕೂಡುವುದಿಲ್ಲ. ನೆತ್ತಿ ತೆರೆದೇ ಉಳಿಯುತ್ತದೆ. ಯಾಕೆ? ಯಾವ ಜೀನ್ ಕಾರಣ? ಅದೇ ಅವಳ ಪಿಎಚ್.ಡಿ.

(ಕರಡಿನಲ್ಲಿ ತಪ್ಪಿಲ್ಲ. ಆದರೆ ಇಲಿಗಳೇ ಎಲ್ಲ ಜಾಗವನ್ನೂ ತಿಂದುಬಿಟ್ಟಿವೆ. ಸಂಪಾದಕರು ಎರಡನೆಯ ಸಾಲಿಗೇ ಚಹಾ ತರಿಸುತ್ತಾರೆ. ಕೈಬಿಟ್ಟೆ. ಒಂದು ಸಂಗತಿಯನ್ನು ಮಾತ್ರ ನೆನಪಿಡಿ: ಮನುಷ್ಯರಲ್ಲಿ ಆ ಅಂಚುಗಳು ಕೂಡಿ ಮುಗಿಯುವುದು ಬಸಿರುಕಟ್ಟಿದ ಇಪ್ಪತ್ತೆಂಟು ದಿನಗಳೊಳಗೆ. ಅಂದರೆ, ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ.)

೩

ಹಾಗಾದರೆ ೧೯೮೪ರ ಲಿಂಗಸುಗೂರು. ಕಲ್ಯಾಣಮ್ಮನಿಗೆ ಇಪ್ಪತ್ತೊಂದು. ತಾಯಿಯ ತಾಯಿ ವೀರಭದ್ರಮ್ಮ ಮಸ್ಕಿಯಿಂದ ಬಂದು ಪಡಸಾಲೆಯಲ್ಲಿ ಕೂತಿದ್ದಾಳೆ. ಅವಳ ಕಿರಿಯ ಮಗ ಅಮರಗುಂಡಪ್ಪನಿಗೆ ಹಿರಿಯ ಮೊಮ್ಮಗಳನ್ನು ತಂದುಕೊಳ್ಳುವುದು, ಕಲ್ಯಾಣಮ್ಮ ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ಮಸ್ಕಿಯಲ್ಲಿ ಕಿರಾಣಿ ಅಂಗಡಿ, ತಣ್ಣನೆಯ ಸ್ವಭಾವ, ಸ್ವಂತ ಸೋದರಮಾವ. ಬೇಡವೆನ್ನಲು ಯಾರಿಗೂ ಕಾರಣ ಕಾಣದು.

"ನಾ ಒಲ್ಲೆ ಅಜ್ಜಿ. ಎಂ.ಎಸ್ಸಿ. ಓದಾಕ ಹೈದ್ರಾಬಾದಿಗೆ ಹೋಗಾಕಿ."

"ಹೋಗವ್ವ, ಯಾರು ಬ್ಯಾಡಂದ್ರು?" ಅಜ್ಜಿ ಎಲೆಗೆ ಸುಣ್ಣ ಸವರಿದಳು. "ಮನ್ಯಾಗ ಇನ್ನೊಬ್ಬಾಕಿ ಅದಾಳಲ್ಲ."

ಇನ್ನೊಬ್ಬಾಕಿ, ಹದಿನೆಂಟರ ತಂಗಿ ಕಸ್ತೂರೆಮ್ಮ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಿ ಅಕ್ಕನನ್ನು ನೋಡಿ ನಕ್ಕಳು. "ಹೋಗ್ ಅಕ್ಕ. ಮಾವನ್ನ ನಾ ನೋಡ್ಕೋತೀನಿ."

ಮಾವನನ್ನು ಮದುವೆಯಾಗಿ ಮಸ್ಕಿ ಸೇರಿದ ಕಸ್ತೂರೆಮ್ಮನಿಗೆ ೧೯೮೭ರಲ್ಲಿ ಮೊದಲ ಕೂಸು ಹುಟ್ಟಿತು. ೧೯೮೯ರಲ್ಲಿ ಎರಡನೆಯದು. ಎರಡಕ್ಕೂ ನೆತ್ತಿ ಇರಲಿಲ್ಲ. ಎರಡೂ ಗಳಿಗೆಯೊತ್ತು ಬದುಕಿದವು. ತಾಯಿಗೆ ತೋರಿಸದೆ ಹಳೆಯ ಸೀರೆಯಲ್ಲಿ ಸುತ್ತಿ ಒಯ್ದರು. ಗ್ರಹಣ ಹಿಡಿದದ್ದೆಂದು ವೀರಭದ್ರಮ್ಮ ಹೇಳಿದಳು. ಹೈದರಾಬಾದಿನಲ್ಲಿ ಕಾಗದ ಓದಿದ ಕಲ್ಯಾಣಮ್ಮನಿಗೆ ಹೊಳೆದದ್ದು ಬೇರೆ: ತಳಿ ಶುದ್ಧವಾಗಿರಲೆಂದು ಇಲಿಗಳಲ್ಲಿ ಇಪ್ಪತ್ತು ತಲೆಮಾರು ಒಡಹುಟ್ಟಿದವುಗಳನ್ನೇ ಕೂಡಿಸುತ್ತಾರೆ. ಅಡಗಿದ್ದ ದೋಷ ಆಗ ಮೇಲೆ ಬರುತ್ತದೆ.

(ಇಲಿಗೂ ತಂಗಿಗೂ ಒಂದೇ ಕೇಡು ಬಂದದ್ದು ಕಥೆಗಾರನ ಕೈಚಳಕವೆಂದು ನೀವು ಗೊಣಗಬಹುದು. ಅಲ್ಲ. ಮೊದಲ ಕೂಸಿನ ಸುದ್ದಿ ಬಂದ ಮೇಲೆಯೇ ಅವಳು ಆ ಇಲಿಗಳನ್ನು ಆರಿಸಿಕೊಂಡಳು. ತನ್ನ ಪಾಲಿಗೆ ಬರಬೇಕಿದ್ದ ಸಂಸಾರ ತಂಗಿಯ ಪಾಲಾಯಿತೆಂಬುದನ್ನು ಅವಳು ಯಾರೊಂದಿಗೂ ಆಡಲಿಲ್ಲ. ಇಲಿಗಳನ್ನು ಎಣಿಸಿದಳು.)

೪

೧೯೯೧ರಲ್ಲಿ ಪರದೇಶದ ಒಂದು ವರದಿ ಸಂಶೋಧನಾಲಯಕ್ಕೆ ಬಂತು. ಇಂಥ ಕೂಸು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಸಿಡ್ ಗುಳಿಗೆ ತೆಗೆದುಕೊಂಡರೆ ಮತ್ತೆ ಅಂಥದೇ ಕೂಸು ಹುಟ್ಟುವ ಅಪಾಯ ಸುಮಾರು ಮುಕ್ಕಾಲು ಪಾಲು ತಗ್ಗುತ್ತದೆ. ಕಲ್ಯಾಣಮ್ಮ ಅದೇ ವಾರ ಡಬ್ಬಿ ತುಂಬ ಗುಳಿಗೆ ಕಳಿಸಿದಳು. ಕಾಗದದಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದಳು: "ಬಸಿರಾಗುವ ಮೊದಲೇ ಶುರು ಮಾಡು. ಇವತ್ತೇ. ದಿನಕ್ಕೊಂದು."

ಉತ್ತರ ಬಂತು: "ಗುಳಿಗಿ ಮುಟ್ಯಾವ ಅಕ್ಕ. ನೀ ಹೇಳಿದಂಗ ಮಾಡ್ತೀವಿ."

(ಆ "ಮಾಡ್ತೀವಿ" ಎಂಬುದರಲ್ಲಿ ಇನ್ನೊಬ್ಬರಿದ್ದಾರೆ. ನಾನೂ ಮೊದಲ ಓದಿನಲ್ಲಿ ಗಮನಿಸಲಿಲ್ಲ.)

೫

ಈಗ ಬಾಗಿಲು ಬಡಿಯಬಹುದು. ೧೯೯೩ರ ಬೇಸಿಗೆ, ಮಸ್ಕಿ. ರಾಯಚೂರಿನಿಂದ ಬಸ್ಸಿನಲ್ಲಿ ನಿಂತೇ ಬಂದ ಕಲ್ಯಾಣಮ್ಮ ಅಂಗಡಿಯ ಪಕ್ಕದ ಬಾಗಿಲು ತಟ್ಟಿದಳು.

"ಬಂದ್ಯೇನವ್ವ, ಇಲಿ ಸೂಲಗಿತ್ತಿ!" ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಅಮರಗುಂಡಪ್ಪ ಕೂಗಿದ. "ನಮ್ಮ ಸೇಂಗಾ ಚೀಲದಾಗೂ ನಾಕು ಬಾಣಂತ್ಯಾರು ಅದಾರ, ನೋಡಿ ಹೋಗು."

"ತಾರೀಖು ಬರದಿಟ್ಟೀಯೇನು ಮಾವ? ತಾರೀಖಿಲ್ಲದ ಬಾಣಂತ್ಯಾರನ್ನ ನಾ ಮುಟ್ಟಂಗಿಲ್ಲ."

ಅವನು ನಕ್ಕ. ಒಳಗಿನಿಂದ ಕಸ್ತೂರೆಮ್ಮ ನೀರಿನ ಚೊಂಬು ಹಿಡಿದು ಬಂದಳು. ಸೆರಗನ್ನು ಹೊಟ್ಟೆಯ ಮೇಲೆ ಎರಡು ಮಡಿಕೆ ಹೊದ್ದಿದ್ದಳು. ಸಾವಿರ ಹೆಣ್ಣಿಲಿಗಳನ್ನು ಎತ್ತಿ ನೋಡಿದ ಕಣ್ಣಿಗೆ ಅಷ್ಟು ಸಾಕಾಯಿತು.

"ಎಷ್ಟು?" ಎಂದಳು ಕಲ್ಯಾಣಮ್ಮ.

"ಮೂರು ತುಂಬಿ ನಾಕು ದಿನ ಆತಕ್ಕ. ನಿನಗ ಹೇಳಬೇಕಂತ ಇದ್ದೆ…"

"ಮೂರು ತುಂಬೋತನ ಯಾರಿಗೂ ಹೇಳಬಾರದವ್ವ," ದೇವರ ಜಗಲಿಯ ಬಳಿ ಕೂತ ವೀರಭದ್ರಮ್ಮ ನಡುವೆ ಬಂದಳು. "ಅದರಾಗೂ ನಿನಗಂತೂ…"

ಮುದುಕಿ ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಉಳಿದದ್ದು ಎಲ್ಲರಿಗೂ ತಿಳಿಯಿತು. ಈ ಮನೆ ಸೇರಬೇಕಿದ್ದವಳು, ಮದುವೆಯಾಗದೆ ಉಳಿದವಳು, ಅವಳ ದೃಷ್ಟಿ ತಾಗೀತು. ದಿನ ಎಣಿಸಬಲ್ಲವಳು ಆ ವಂಶದಲ್ಲಿ ಒಬ್ಬಳೇ. ದಿನಗಳನ್ನು ಮುಚ್ಚಿಟ್ಟದ್ದು ಅವಳಿಂದಲೇ.

"ಗುಳಿಗಿ?"

"ತಡಿ, ತೋರಸ್ತೀನಿ." ಕಸ್ತೂರೆಮ್ಮ ದೇವರ ಜಗಲಿಯ ಮೇಲಿಂದ ಡಬ್ಬಿ ಎತ್ತಿ ತಂದಳು. ಡಬ್ಬಿಗೆ ಮೂರು ಬೆರಳಿನ ವಿಭೂತಿ, ಮುಚ್ಚಳದ ಮೇಲೆ ಒಣಗಿದ ಬಿಲ್ವದೆಲೆ. "ಬಸರಿಲ್ಲದ ಹೊಟ್ಟಿಗೆ ಬಸರಿನ ಔಷಧ ತಿನ್ನಬಾರದಂತ. ಬಸರಾದ ಮ್ಯಾಲೂ ಮೂರು ತುಂಬೋದ್ರಾಗ ತಿಂದ್ರ ಊರಿಗೆಲ್ಲ ಡಂಗುರ ಆಗ್ತದ. ಅದಕ್ಕ ಅಜ್ಜಿ ದೇವರ ಮುಂದ ಇಟ್ಟಿದ್ಲು. ಮೂರು ತುಂಬಿದ ಮರುದಿನ ಶುರು ಮಾಡೀನಿ. ಒಂದನೂ ತಪ್ಪಿಸಿಲ್ಲ ಅಕ್ಕ. ಒಂದೂವರಿ ವರ್ಷ ದಿನಾ ಪೂಜಿ ಆಗ್ಯಾವ. ಬರೇ ಗುಳಿಗಿಗಿಂತ ಜೋರ್ ಇರ್ತಾವಲ್ಲ?"

ಕಲ್ಯಾಣಮ್ಮ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಬಹುಪಾಲು ತುಂಬಿಯೇ ಇತ್ತು.

"ಇರ್ತಾವ," ಎಂದಳು. "ಜೋರ್ ಇರ್ತಾವ."

೬

ಇಲ್ಲಿ ನಾನು ಲೇಖನಿ ಕೆಳಗಿಟ್ಟು ಅವಳನ್ನು ಕೇಳಿದೆ: ಸುಳ್ಳು ಯಾಕೆ ಹೇಳಿದಿರಿ? ನಿಮ್ಮಂಥ ವಿಜ್ಞಾನಿಯ ಬಾಯಿಂದ ನಾನು ಸತ್ಯ ಹೇಳಿಸಬೇಕಿತ್ತು.

"ಏನಂತ ಹೇಳ್ಲಿರಿ?" ಎಂದಳು. "ಆಗಬೇಕಾದ್ದು ಏಳೆಂಟು ವಾರದ ಹಿಂದನೇ ಆಗಿ ಮುಗದದ, ಈಗ ತಿಂದ್ರೇನು ಬಿಟ್ಟರೇನು ಅಂತ ಹೇಳ್ಲೇನು? ಆಕಿ ಕೈಯಾಗ ಉಳದದ್ದು ಆ ಡಬ್ಬಿ ಒಂದೇ."

ಹಾಗಾದರೆ ಮೊದಲೇ ತಿಂದಿದ್ದರೆ ಕೂಸಿಗೆ ಭಯವಿರುತ್ತಿರಲಿಲ್ಲವೆಂದಾದರೂ ಬರೆಯಲೇ? ಓದುಗರಿಗೆ ಯಾರನ್ನಾದರೂ ದೂರುವ ಅವಕಾಶ ಬೇಕು.

ಅವಳು ನೋಟ್‌ಬುಕ್ ತೆರೆದು ತೋರಿಸಿದಳು. ಅವಳ ತಳಿಯಲ್ಲಿ ಫೋಲಿಕ್ ಆಸಿಡ್ ತಿಂದ ಇಲಿಗಳಲ್ಲೂ ತಿನ್ನದ ಇಲಿಗಳಲ್ಲೂ ನೆತ್ತಿ ತೆರೆದ ಮರಿಗಳು ಹೆಚ್ಚುಕಡಿಮೆ ಸಮ. ಕೆಲವು ಜೀನ್‌ಗಳಿಗೆ ಆ ಗುಳಿಗೆ ಹಿಡಿಯುವುದೇ ಇಲ್ಲ. "ನನ್ನ ತಂಗೀದು ಯಾವ್ದು ಅಂತ ನನಗ ಗೊತ್ತಿಲ್ರಿ. ಅಜ್ಜೀನ ಬೈಯಾಕೂ ನನ್ನ ಕಡೆ ಪುರಾವೆ ಇಲ್ಲ."

೭ (ಎರಡು ಮುಕ್ತಾಯಗಳು, ಬೇಕಾದದ್ದನ್ನು ಆರಿಸಿಕೊಳ್ಳಬಹುದೆಂದು ಭಾವಿಸಿದ್ದೆ)

ಒಂದು: ಕೂಸು ನೆಟ್ಟಗಿದೆ. ಹಸಿರು ಬಳೆ, ಸೀಮಂತದ ಕುಬಸ, ತೊಟ್ಟಿಲು. ಇದು ಅಸಂಭವವಲ್ಲ, ಲೆಕ್ಕ ಹಾಕಿದರೆ ಇದಕ್ಕೇ ಹೆಚ್ಚು ಅವಕಾಶ. ಆದರೂ ಬರೆಯಲು ಕೈ ಬರುವುದಿಲ್ಲ. ಕೂಸು ನೆಟ್ಟಗಾದರೆ ಗೆದ್ದದ್ದು ವಿಭೂತಿ ಹಚ್ಚಿದ ಡಬ್ಬಿ. ಮುಂದಿನ ಬಸಿರಿನ ಗುಳಿಗೆಯೂ ಮೂರು ತುಂಬುವತನಕ ಜಗಲಿಯ ಮೇಲೆಯೇ. ಓಣಿಯ ಬೇರೆ ಹೆಂಗಸರದೂ.

ಎರಡು: ಕೂಸಿಗೆ ನೆತ್ತಿಯಿಲ್ಲ. ಆಗ ಮನೆಯಲ್ಲಿ ಯಾರೂ ದಿನ ಎಣಿಸುವುದಿಲ್ಲ. ಹೈದರಾಬಾದಿನಿಂದ ಅಕ್ಕ ಬಂದ ದಿನವನ್ನು ನೆನೆಯುತ್ತಾರೆ. ಅವಳ ಕಣ್ಣು ಹೊಟ್ಟೆಯ ಮೇಲೆ ಬಿದ್ದದ್ದನ್ನು ನೆನೆಯುತ್ತಾರೆ.

ಒಳಿತಾದರೂ ಕೆಡುಕಾದರೂ ಕಲಿಯುವ ಪಾಠ ತಪ್ಪೇ. ಒಂಬತ್ತು ವರ್ಷದ ಓದು, ಲೆಕ್ಕವಿಲ್ಲದ ಇಲಿಗಳ ಜೀವ, ಎರಡು ಅಡಿಗೆರೆ. ಇವುಗಳಲ್ಲಿ ಒಂದೂ ಆ ಮನೆಯ ಹೊಸ್ತಿಲು ದಾಟಲಿಲ್ಲ.

"ನಿಮ್ಮ ಲೆಕ್ಕ ಆತೇನ್ರಿ?" ಎಂದು ಕೇಳಿದವಳು ಕಸ್ತೂರೆಮ್ಮ. ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು. "ಛಲೋದೂ ಬ್ಯಾಡ, ಕೆಟ್ಟದ್ದೂ ಬ್ಯಾಡ. ನೀವು ಬರೀರಿ, ಬಿಡ್ರಿ. ಕೂಸನ್ನ ನನಗ ತೋರಸ್ರಿ, ಅಷ್ಟ."

೮

ಸಿಂಧನೂರು, ಐದನೆಯ ತಿಂಗಳು. ಆ ವರ್ಷವಷ್ಟೇ ಊರಿಗೆ ಬಂದ ಸ್ಕ್ಯಾನಿಂಗ್ ಯಂತ್ರ ಒಂದು ಖಾಸಗಿ ದವಾಖಾನೆಯ ಒಳಕೋಣೆಯಲ್ಲಿತ್ತು. ಅಮರಗುಂಡಪ್ಪ ಹೊರಗೆ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತಿದ್ದ. ಆ ದಿನ ಒಂದು ಹಾಸ್ಯವನ್ನೂ ಆಡಿರಲಿಲ್ಲ. ಓದಿದವಳೆಂದು ಡಾಕ್ಟರು ಕಲ್ಯಾಣಮ್ಮನನ್ನು ಮಾತ್ರ ಒಳಗೆ ಬಿಟ್ಟರು. ಪರದೆಯ ಮುಖ ಡಾಕ್ಟರ ಕಡೆಗಿತ್ತು. ಮಲಗಿದ ಕಸ್ತೂರೆಮ್ಮನಿಗೆ ಕಾಣುತ್ತಿದ್ದದ್ದು ಅಕ್ಕನ ಮುಖ.

ಕಲ್ಯಾಣಮ್ಮ ಪರದೆಯತ್ತ ಕಣ್ಣೆತ್ತುವ ಮೊದಲೇ ತಂಗಿ ಅವಳ ಮಣಿಕಟ್ಟು ಹಿಡಿದಳು.

"ನಿನ್ನ ಮುಖ ನೋಡಿ ನಾ ತಿಳಕೊಳ್ಳಂಗಿಲ್ಲ ಅಕ್ಕ. ಅದನ್ನ ಈ ಕಡೆ ತಿರುಗಸು."

"ಪೇಷಂಟ್ ನೋಡಬಾರದಮ್ಮ," ಎಂದರು ಡಾಕ್ಟರು. "ಸುಮ್ಮನೆ ಹೆದರ್ತೀರಿ."

"ಎರಡು ಸಲ ಸೀರ್ಯಾಗ ಸುತ್ತಿ ಒಯ್ದಾರ್ರಿ. ಒಂದರ ಮಾರಿನೂ ನಾ ನೋಡಿಲ್ಲ. ಹೆಂಗರ ಇರಲಿ, ಇದನ್ನ ನೋಡ್ತೀನಿ."

(ಕಸುಬಿನ ಪ್ರಕಾರ ನಾನು ನಿಲ್ಲಿಸಬೇಕಾದ ಜಾಗ ಇದೇ. ಪರದೆ ತಿರುಗುವ ಮುನ್ನ. ನಿಲ್ಲಿಸಿಯೂ ಇದ್ದೆ. ಬರೆದ ಹಾಳೆಯನ್ನು ಓದಿ ನೋಡಿದಾಗ, ಅದು ಮೂರನೆಯ ಹಳೆಯ ಸೀರೆಯಂತೆ ಕಂಡಿತು.)

ಕಲ್ಯಾಣಮ್ಮ ಯಂತ್ರವನ್ನು ಎರಡೂ ಕೈಯಿಂದ ಹಿಡಿದಳು. ಅದರ ಗಾಲಿಯೊಂದು ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಮೊಣಕಾಲು ಕೊಟ್ಟು ನೂಕಿದಳು. ಪರದೆ ತಿರುಗಿತು, ಕಸ್ತೂರೆಮ್ಮನ ಕಡೆಗೆ. ನನಗೂ ನಿಮಗೂ ಕಾಣುತ್ತಿರುವುದು ಯಂತ್ರದ ಬೆನ್ನು, ಧೂಳು ಹಿಡಿದ ವೈರುಗಳು.

ಕಸ್ತೂರೆಮ್ಮ ತಲೆ ಎತ್ತಿ ಪರದೆಯತ್ತ ಬೆರಳು ಚಾಚಿದಳು.

"ಇದು ಕೈಯೇನಕ್ಕ?"

"ಹೂಂ. ಕೈ."

"ಅಳ್ಳಾಡಾಕತ್ತದ."

"ಹೂಂ."

"ಬೆರಳು ಅದಾವ ನೋಡು. ತಡಿ, ಎಣಸ್ತೀನಿ."

ನೆತ್ತಿಯ ಮಾತನ್ನು ಅವಳಿನ್ನೂ ಕೇಳಿಲ್ಲ. ನಾನು ಕೇಳುವುದಿಲ್ಲ. ಅವಳು ಎಣಿಸುತ್ತಿದ್ದಾಳೆ: ಒಂದು, ಎರಡು, ಮೂರು,